‘ಯಜಮಾನರು ಏನು ಮಾಡುತ್ತಾರೆ?’ ಎಂದು ಕೇಳುವವರಿಂದ ಬಂಡವಾಳ ಪಡೆಯುವ ಬಗೆ

ಕಾರ್ಕಳದಿಂದ ಬರುವ ಸಂದೇಶವೂ ಅದೇ, ಕುಂದಾಪುರದಿಂದ ಬರುವುದೂ ಅದೇ, ಸುರತ್ಕಲ್‌ನಿಂದ ಬರುವುದೂ ಅದೇ: ‘ಉದ್ಯಮ ನನ್ನದು, ಲೆಕ್ಕ ನನ್ನದು, ಇಷ್ಟು ವರ್ಷ ನಡೆಸಿದ್ದು ನಾನು. ಆದರೆ ಹಣ ಕೇಳಲು ಕುಳಿತರೆ ಎದುರಿನವರು ಮೊದಲು ಕೇಳುವುದು ಯಜಮಾನರು ಏನು ಮಾಡುತ್ತಾರೆ ಎಂದು. ಇದಕ್ಕೆ ಏನು ಹೇಳಬೇಕು?’

ಯೋಜನಾ ವರದಿ ಬರೆದುಕೊಡುವುದು ನನ್ನ ಕಸುಬು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸಿ ಸಾಕಾಗಿ ಈಗ ಒಟ್ಟಿಗೆ ಬರೆಯುತ್ತಿದ್ದೇನೆ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಒಯ್ಯುವ ಪಿಗ್ಮಿ ಯೋಜನೆ 1928ರಲ್ಲಿ ಹುಟ್ಟಿದ್ದೂ ಇಲ್ಲೇ. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ಮನೆಗಳಲ್ಲಿ ಕುಟುಂಬದ ಆಡಳಿತ ಹೆಣ್ಣಿನ ಕೈಗೆ ಬಂದರೆ ಅವಳನ್ನು ಯಜಮಾನ್ತಿ ಎಂದೇ ಕರೆಯುತ್ತಿದ್ದರು. ಸಾಲದ ಅರ್ಜಿಯ ಮುಂದೆ ಕುಳಿತವರಿಗೆ ಆ ಪದ ಮರೆತುಹೋಗಿದೆ.

ನಾನು ಕಂಡಂತೆ ತಾರತಮ್ಯ ನೇರವಾಗಿ ‘ಇಲ್ಲ’ ಎನ್ನುವುದು ಕಡಿಮೆ. ಮೊದಲು ಪ್ರಶ್ನೆಯಾಗಿ ಬರುತ್ತದೆ. ಆಮೇಲೆ ನೀವು ಕೊಟ್ಟ ಉತ್ತರವನ್ನೇ ಹಿಡಿದು ‘ಇಲ್ಲ’ ಎನ್ನುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ನಾಲ್ಕನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಹಾಗೆಂದು ಮೊದಲ ಮೂರನ್ನು ಹಾರಿಸಿ ಅಲ್ಲಿಗೆ ಹೋಗಬೇಡಿ. ಕಾಗದ ಸರಿಯಿಲ್ಲದವರ ಮಾತು ಎಷ್ಟು ಚೆನ್ನಾಗಿದ್ದರೂ ಗಾಳಿಗೆ ಹೋಗುತ್ತದೆ.

1. ನಿಮಗೆ ಬೇಕಾದದ್ದು ಯಾವ ಹಣ?

‘ಬಂಡವಾಳ ಬೇಕು’ ಎಂದು ಬರುವವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಬೇಕಾದದ್ದು ಸಾಲ. ವ್ಯತ್ಯಾಸ ತಿಳಿದುಕೊಳ್ಳಿ. ಸಾಲವನ್ನು ಬಡ್ಡಿ ಸಮೇತ ತೀರಿಸಿದರೆ ಮುಗಿಯಿತು. ಸಹಾಯಧನ ಎಂದರೆ ಸರ್ಕಾರ ಸಾಲದ ಒಂದು ಭಾಗವನ್ನು ತಾನೇ ಭರಿಸುವುದು. ಅನುದಾನವನ್ನು ಮರಳಿಸಬೇಕಾಗಿಲ್ಲ. ಷೇರು ಬಂಡವಾಳ, ಅಂದರೆ ಈಕ್ವಿಟಿ, ಹಾಗಲ್ಲ: ಹಣ ಕೊಟ್ಟವರು ನಿಮ್ಮ ಕಂಪನಿಯ ಪಾಲುದಾರರಾಗುತ್ತಾರೆ, ಉಳಿದ ದಿನಗಳಲ್ಲಿ ನಿಮ್ಮ ನಿರ್ಧಾರಗಳಲ್ಲಿ ಮಾತಾಡುತ್ತಾರೆ.

ಒಬ್ಬರ ಒಡೆತನದ ಅಂಗಡಿ ಅಥವಾ ಘಟಕ ಷೇರು ಕೊಡಲು ಆಗುವುದಿಲ್ಲ. ಅದಕ್ಕೆ ಪ್ರೈವೇಟ್ ಲಿಮಿಟೆಡ್ ಕಂಪನಿ ಬೇಕು. ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆಯುವ, ಲಾಭವನ್ನು ಮನೆಗೆ ಒಯ್ಯುವ ಉದ್ಯಮವಾದರೆ ಹೂಡಿಕೆದಾರರ ಹಿಂದೆ ಓಡುವುದು ವ್ಯರ್ಥ. ಕೆಲವೇ ವರ್ಷಗಳಲ್ಲಿ ಹತ್ತಾರು ಪಟ್ಟು ಬೆಳೆಯುವುದನ್ನು ಮಾತ್ರ ಅವರು ಹುಡುಕುತ್ತಾರೆ. ಅವರು ‘ಇಲ್ಲ’ ಎಂದರೆ ಅದೆಲ್ಲವೂ ಹೆಣ್ಣೆಂಬ ಕಾರಣಕ್ಕಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಮ್ಮ ಊರಿನಲ್ಲಿ ಬಾಗಿಲುಗಳು ಹೀಗಿವೆ. ಸಣ್ಣ ಸಾಲಕ್ಕೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆ: ಶಿಶು ಎಂದರೆ 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗಿನ ತರುಣ ಪ್ಲಸ್ ಇದೆ. ಮುದ್ರಾ ಸಾಲದ ಖಾತೆಗಳಲ್ಲಿ ಮೂರರಲ್ಲಿ ಎರಡು ಮಹಿಳೆಯರವು ಎಂದು ಹೆಮ್ಮೆಯಿಂದ ಹೇಳುವುದನ್ನು ಕೇಳಿರುತ್ತೀರಿ. ಯಾವ ಮೆಟ್ಟಿಲಲ್ಲಿ ಎಂದು ಕೇಳಿ. ನನ್ನ ಬಳಿ ಬರುವ ಹೆಂಗಸರಿಗೆ ಬ್ಯಾಂಕಿನವರು ಮೊದಲು ತೋರಿಸುವುದು ಶಿಶು ಮೆಟ್ಟಿಲನ್ನೇ, ಯಂತ್ರದ ಕೊಟೇಶನ್ 4 ಲಕ್ಷದ್ದಿದ್ದರೂ.

ಹೊಸ ಘಟಕವಾದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಇದರಲ್ಲಿ ಮಹಿಳೆಯರು ವಿಶೇಷ ವರ್ಗ: ಕೈಯಿಂದ ಹಾಕಬೇಕಾದದ್ದು ಶೇ 5, ಸಹಾಯಧನ ನಗರದಲ್ಲಿ ಶೇ 25, ಗ್ರಾಮೀಣ ಪ್ರದೇಶದಲ್ಲಿ ಶೇ 35. ಹಳ್ಳಿಯಲ್ಲಿ 10 ಲಕ್ಷದ ಘಟಕಕ್ಕೆ ನಿಮ್ಮ ಪಾಲು 50 ಸಾವಿರ, ಸಹಾಯಧನ ಮೂರೂವರೆ ಲಕ್ಷ. ಆ ಸಹಾಯಧನ ತಕ್ಷಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಎಚ್ಚರಿಕೆ: ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಇದು ಸಿಗುವುದಿಲ್ಲ. ಯಂತ್ರ ಕೊಂಡು ಕೆಲಸ ಶುರು ಮಾಡಿ ಆಮೇಲೆ ಅರ್ಜಿ ಹಿಡಿದು ಬರುವವರನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ವಿಚಾರಣೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ. ಮಂಗಳೂರಿನದ್ದು ಯೆಯ್ಯಾಡಿಯಲ್ಲಿದೆ, ಉಡುಪಿ ಜಿಲ್ಲೆಯವರು ಮಣಿಪಾಲಕ್ಕೆ ಹೋಗಬೇಕು. ಯೋಜನೆಗಳ ನಿಯಮ ಆಗಾಗ ಬದಲಾಗುವುದರಿಂದ ಈ ಸಾಲಿನ ಸುತ್ತೋಲೆಯನ್ನೇ ಕೇಳಿ ನೋಡಿ. ಆದಾಯ ಕಡಿಮೆ ಇರುವ ಕುಟುಂಬದವರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯೂ ಇದೆ.

ತಂತ್ರಜ್ಞಾನದ ಹೊಸ ಕಲ್ಪನೆಯವರು ರಾಜ್ಯ ಸರ್ಕಾರದ ಎಲಿವೇಟ್ ಸ್ಪರ್ಧೆಯನ್ನು ಗಮನಿಸಿ. ಗೆದ್ದವರಿಗೆ 50 ಲಕ್ಷದವರೆಗೆ ಅನುದಾನ, ಅದಕ್ಕೆ ಪ್ರತಿಯಾಗಿ ಷೇರು ಕೊಡಬೇಕಾಗಿಲ್ಲ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲ, ನಿಟ್ಟೆ ಮೂರೂ ಕಡೆ ಇನ್‌ಕ್ಯುಬೇಷನ್ ಕೇಂದ್ರಗಳಿವೆ, ಅಂದರೆ ಎಳೆಯ ಕಂಪನಿಗಳಿಗೆ ಜಾಗ, ಸಲಹೆ, ಹೂಡಿಕೆದಾರರ ಪರಿಚಯ ಒದಗಿಸುವ ಜಾಗಗಳು. ಹೂಡಿಕೆದಾರರನ್ನು ನೇರವಾಗಿ ಹುಡುಕುವ ಮೊದಲು ಅಲ್ಲಿ ಒಮ್ಮೆ ಕುಳಿತು ಬನ್ನಿ.

2. ಕಾಗದದಲ್ಲಿ ಯಾರ ಹೆಸರಿದೆ ಎಂದು ನೋಡಿ

ಇದು ಬೇಸರದ ಹಂತ, ಆದರೆ ಅರ್ಧಕ್ಕರ್ಧ ಕಡತಗಳು ಇಲ್ಲೇ ಬೀಳುತ್ತವೆ. ಅಂಗಡಿಯ ಬಾಡಿಗೆ ಕರಾರು ಗಂಡನ ಹೆಸರಿನಲ್ಲಿ, ವಿದ್ಯುತ್ ಮೀಟರು ಮಾವನ ಹೆಸರಿನಲ್ಲಿ, ಗಿರಾಕಿ ಹಣ ಹಾಕುವುದು ಮಗನ ಯುಪಿಐಗೆ. ಉದ್ಯಮ ನಿಮ್ಮದೇ ಎನ್ನಲು ನಿಮ್ಮ ಬಾಯಿಮಾತು ಬಿಟ್ಟರೆ ಬೇರೇನೂ ಇಲ್ಲ. ಬ್ಯಾಂಕಿನವರು ಯಜಮಾನರನ್ನು ವಿಚಾರಿಸಿದರೆ ಆಗ ತಪ್ಪು ಅವರೊಬ್ಬರದ್ದೇ ಅಲ್ಲ.

ಮಾಡಬೇಕಾದದ್ದು: ಉದ್ಯಮದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು ಕನಿಷ್ಠ ಆರು ತಿಂಗಳ ವಹಿವಾಟು ಅದರಲ್ಲೇ ನಡೆಸಿ. ಸಣ್ಣ ಉದ್ಯಮಗಳಿಗೆಂದೇ ಇರುವ ಉದ್ಯಮ್ ನೋಂದಣಿ ಮಾಡಿಸಿ. ಅದು ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಎರಡು ಸಾವಿರ, ಮೂರು ಸಾವಿರ ಶುಲ್ಕ ಕೇಳುವ ತಾಣಗಳು ಸರ್ಕಾರದವಲ್ಲ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಬೇಕು. ಪಾಲುದಾರಿಕೆ ಅಥವಾ ಕಂಪನಿಯಾದರೆ ನಿಮ್ಮ ಪಾಲು ಶೇ 51ಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ; ಮಹಿಳಾ ಉದ್ಯಮ ಎಂದು ಪರಿಗಣಿಸಲು ಸಾಮಾನ್ಯವಾಗಿ ಕೇಳುವ ಗೆರೆ ಅದು.

ಸಿಬಿಲ್ ಅಂಕವನ್ನೂ ಮೊದಲೇ ನೋಡಿಕೊಳ್ಳಿ. ಸಾಲ ತೀರಿಸಿದ ನಿಮ್ಮ ಚರಿತ್ರೆಗೆ 300ರಿಂದ 900ರ ನಡುವೆ ಕೊಡುವ ಅಂಕ ಇದು. ಪೂರ್ತಿ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಸಾಲವನ್ನೇ ಮಾಡದ ಹೆಣ್ಣುಮಕ್ಕಳಿಗೆ ಅಂಕವೇ ಇರುವುದಿಲ್ಲ. ಜೀವಮಾನವಿಡೀ ಮಿತವ್ಯಯಿಯಾಗಿ ಬದುಕಿದವರಿಗೆ ಇದೊಂದು ಶಿಕ್ಷೆ. ಸ್ವಸಹಾಯ ಸಂಘದಲ್ಲಿ ವರ್ಷಗಟ್ಟಲೆ ಸಾಲ ಪಡೆದು ತೀರಿಸಿದ್ದರೆ ಆ ಪಾಸ್‌ಬುಕ್ಕಿನ ಪ್ರತಿಯನ್ನು ಕಡತಕ್ಕೆ ಸೇರಿಸಿ. ನಾದಿನಿಗೋ ತಮ್ಮನಿಗೋ ಜಾಮೀನು ಹಾಕಿದ್ದರೆ ಅದೂ ವರದಿಯಲ್ಲಿ ಕಾಣುತ್ತದೆ, ನೆನಪಿರಲಿ.

ಅಡಮಾನದ ಮಾತು ಬಂದಾಗ ಎರಡು ಸಂಗತಿ ತಿಳಿದಿರಲಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡುವ 10 ಲಕ್ಷದವರೆಗಿನ (2026ರ ಏಪ್ರಿಲ್‌ನಿಂದ 20 ಲಕ್ಷ) ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದಕ್ಕಿಂತ ದೊಡ್ಡ ಸಾಲಕ್ಕೆ ಸಿಜಿಟಿಎಂಎಸ್‌ಇ ಖಾತರಿ ಇದೆ: ಸಾಲ ಮುಳುಗಿದರೆ ಬ್ಯಾಂಕಿಗೆ ದೊಡ್ಡ ಭಾಗವನ್ನು ತುಂಬಿಕೊಡುವ ನಿಧಿ. ಮಹಿಳೆಯರ ಉದ್ಯಮಕ್ಕೆ ಈ ಖಾತರಿಯ ಪ್ರಮಾಣ ಹೆಚ್ಚು, ಶುಲ್ಕದಲ್ಲಿ ರಿಯಾಯಿತಿಯೂ ಇದೆ. ‘ಜಾಗದ ಪಹಣಿ ಯಾರ ಹೆಸರಿನಲ್ಲಿದೆ?’ ಎಂಬ ಪ್ರಶ್ನೆ ಬಂದ ಕೂಡಲೇ ಅಣ್ಣನಿಗೆ ಫೋನು ಮಾಡಬೇಡಿ. ‘ಸಿಜಿಟಿಎಂಎಸ್‌ಇ ಅಡಿಯಲ್ಲಿ ಪರಿಗಣಿಸಿ’ ಎಂದು ಅರ್ಜಿಯಲ್ಲೇ ಬರೆದುಕೊಡಿ.

3. ನಿಮ್ಮ ಸಂಬಳವನ್ನು ಲೆಕ್ಕಕ್ಕೆ ಹಿಡಿಯಿರಿ

ಉದಾಹರಣೆಗೆ ಕಾರ್ಕಳದ ಕಡೆಯ ಒಂದು ಹಲಸಿನ ಹಪ್ಪಳದ ಘಟಕ ಎಂದುಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ನಾನು ಇಟ್ಟವು. ದಿನಕ್ಕೆ ಸಾವಿರ ಹಪ್ಪಳ. ನೂರಕ್ಕೆ ಮಾರುವ ಬೆಲೆ 300 ರೂಪಾಯಿ. ಹಲಸು, ಮೆಣಸು, ಸೌದೆ, ಪ್ಯಾಕೆಟ್ ಸೇರಿ 110. ಇಬ್ಬರು ಕೆಲಸದವರ ಕೂಲಿ ನೂರು ಹಪ್ಪಳಕ್ಕೆ 100. ಉಳಿದದ್ದು 90, ಅದೇ ಲಾಭ ಎಂದು ನೋಟುಬುಕ್ಕಿನಲ್ಲಿ ಬರೆದಿದೆ.

ಬೆಳಿಗ್ಗೆ ಐದಕ್ಕೆ ಎದ್ದು ಸೊಳೆ ಬಿಡಿಸಿದವರು ಯಾರು? ತಾರಸಿಯಲ್ಲಿ ಚಾಪೆ ಹಾಸಿ, ಮೋಡ ಕವಿದಾಗ ಓಡಿಹೋಗಿ ಎತ್ತಿದವರು ಯಾರು? ಆ ದುಡಿಮೆಗೆ ದಿನಕ್ಕೆ 500 ಎಂದು ಹಿಡಿದರೂ ನೂರು ಹಪ್ಪಳಕ್ಕೆ 50 ರೂಪಾಯಿ. ನಿಜವಾದ ಲಾಭ 40. ಅತ್ತೆಯ ಕೈಕೆಲಸವನ್ನು ಇನ್ನೂ ಸೇರಿಸಿಲ್ಲ.

ಲಾಭ ಕಡಿಮೆ ಕಾಣುತ್ತದೆಂದು ಹೆದರಬೇಡಿ. ಸಂಬಳ ಬರೆಯದ ಲೆಕ್ಕ ನೋಡಿದವರಿಗೆ ಅದು ಬಿಡುವಿನ ವೇಳೆಯ ಕೆಲಸದಂತೆ ಕಾಣುತ್ತದೆ. ‘ಮನೆಯಲ್ಲೇ ಕುಳಿತು ಮಾಡುತ್ತೀರಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ಬೆಳೆಯಬೇಕಾದರೆ ನಾಳೆ ನಿಮ್ಮ ಜಾಗಕ್ಕೆ ಸಂಬಳದವರನ್ನು ಇಡಬೇಕಾಗುತ್ತದೆ, ಆಗಲೂ ಲೆಕ್ಕ ನಿಲ್ಲಬೇಕು.

ಎರಡನೆಯ ತಪ್ಪು, ಕಡಿಮೆ ಕೇಳುವುದು. ಹಲಸು ಸಿಗುವುದು ಬೇಸಿಗೆಯಲ್ಲಿ, ಒಣಗಿಸಬೇಕಾದದ್ದು ಮಳೆ ಹಿಡಿಯುವ ಮೊದಲು, ಮಾರಾಟ ಜುಲೈ ನಡುವಿಗೆ ಬರುವ ಆಟಿ ತಿಂಗಳಿನಿಂದ ವರ್ಷವಿಡೀ. ಅಂದರೆ ಮೂರು ತಿಂಗಳು ಹಣ ಹೋಗುತ್ತಲೇ ಇರುತ್ತದೆ. ಆ ಅವಧಿ ದಾಟಲು ಬೇಕಾದ ಹಣಕ್ಕೆ ದುಡಿಯುವ ಬಂಡವಾಳ ಎನ್ನುತ್ತಾರೆ. ಯಂತ್ರಕ್ಕೆ ಮಾತ್ರ ಸಾಲ ಕೇಳಿ ಇದನ್ನು ಬಿಟ್ಟವರು ಮೇ ತಿಂಗಳಲ್ಲಿ ಚಿನ್ನ ಅಡವಿಡುತ್ತಾರೆ. ಮೀನಿನ ವ್ಯವಹಾರದವರೂ ಹಾಗೆಯೇ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧವನ್ನು ಲೆಕ್ಕದಲ್ಲಿ ತೋರಿಸಿ, ಆ ತಿಂಗಳುಗಳಿಗೆ ಹಗುರ ಕಂತು ಕೇಳಿ. ಸುಮ್ಮನೆ ‘ಎಷ್ಟಾದರೂ ಆಗುತ್ತದೆ’ ಎಂದು ಹೇಳಬೇಡಿ. ಎಷ್ಟಾದರೂ ಆಗುತ್ತದೆ ಎಂದವರಿಗೆ ಎಲ್ಲಕ್ಕಿಂತ ಕಡಿಮೆಯದ್ದೇ ಸಿಗುತ್ತದೆ.

4. ಪ್ರಶ್ನೆ ಯಾವ ಜಾತಿಯದ್ದು ಎಂದು ಗುರುತಿಸಿ

ನ್ಯೂಯಾರ್ಕ್‌ನಲ್ಲಿ ಟೆಕ್‌ಕ್ರಂಚ್ ಡಿಸ್ರಪ್ಟ್ ಎಂಬ ನವೋದ್ಯಮಗಳ ಸ್ಪರ್ಧೆ ನಡೆಯುತ್ತಿತ್ತು. 2010ರಿಂದ 2016ರವರೆಗೆ ಅಲ್ಲಿ ಹೂಡಿಕೆದಾರರು ಕೇಳಿದ ಪ್ರಶ್ನೆಗಳನ್ನು ಸಂಶೋಧಕಿ ಡಾನಾ ಕಾಂಜೆ ಮತ್ತು ಸಂಗಡಿಗರು ಒಂದೊಂದಾಗಿ ವಿಂಗಡಿಸಿದರು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ 67ರಷ್ಟು ಗಳಿಕೆಯ ಕಡೆಗೆ ತಿರುಗಿದ್ದವು: ಎಷ್ಟು ಬೆಳೆಯುತ್ತೀರಿ, ಹೊಸ ಗಿರಾಕಿಯನ್ನು ಹೇಗೆ ತರುತ್ತೀರಿ. ಹೆಂಗಸರಿಗೆ ಕೇಳಿದವುಗಳಲ್ಲಿ ಶೇ 66ರಷ್ಟು ನಷ್ಟದ ಕಡೆಗೆ: ಇರುವ ಗಿರಾಕಿಯನ್ನು ಹೇಗೆ ಉಳಿಸಿಕೊಳ್ಳುತ್ತೀರಿ, ಹಾಕಿದ ಹಣ ಮರಳುವುದು ಯಾವಾಗ, ಬೇರೆಯವರು ನಕಲು ಮಾಡಿದರೆ ಏನು. ಕೇಳಿದವರಲ್ಲಿ ಹೆಣ್ಣು ಹೂಡಿಕೆದಾರರೂ ಇದ್ದರು, ಅವರು ಕೇಳಿದ್ದೂ ಹಾಗೆಯೇ. ಗಂಡಸರು ಮುನ್ನಡೆಸಿದ ಕಂಪನಿಗಳಿಗೆ ಆಮೇಲೆ ಸಿಕ್ಕಿದ ಹಣ ಐದು ಪಟ್ಟು.

ನಮಗೆ ಬೇಕಾದ ಭಾಗ ಇನ್ನು ಮುಂದಿನದು. ಪ್ರಶ್ನೆಯ ಧಾಟಿಯಲ್ಲೇ ಉತ್ತರ ಕೊಡುವುದು ಮನುಷ್ಯರ ಸಹಜ ರೂಢಿ. ಕಾಪಾಡಿಕೊಳ್ಳುವ ಬಗ್ಗೆ ಕೇಳಿದರೆ ನಾವು ಕಾಪಾಡಿಕೊಳ್ಳುವುದರ ಬಗ್ಗೆಯೇ ಹೇಳುತ್ತಾ ಹೋಗುತ್ತೇವೆ, ಹೇಳಿದಷ್ಟೂ ಉದ್ಯಮ ಚಿಕ್ಕದಾಗಿ ಕಾಣುತ್ತದೆ. ನಷ್ಟದ ಪ್ರಶ್ನೆ ಬಂದರೂ ಗಳಿಕೆಯ ಉತ್ತರ ಕೊಟ್ಟವರಿಗೆ ಸಿಕ್ಕಿದ ಹಣ, ನಷ್ಟದ ಉತ್ತರ ಕೊಟ್ಟವರಿಗಿಂತ ಸುಮಾರು 14 ಪಟ್ಟು. ಪ್ರಶ್ನೆ ಕೇಳುವವರನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಉತ್ತರವನ್ನು ತಿರುಗಿಸುವುದು ಇದೆ.

ಹಪ್ಪಳದ ಘಟಕಕ್ಕೇ ಇದನ್ನು ಹೊಂದಿಸಿ ನೋಡಿ.

‘ಮಳೆ ಬೇಗ ಬಂದರೆ ಏನು ಮಾಡುತ್ತೀರಿ?’
ಬಾಯಿಗೆ ಬರುವ ಉತ್ತರ: ‘ಹೋದ ವರ್ಷ ಸ್ವಲ್ಪ ಹಾಳಾಯಿತು, ಈ ಸಲ ತಾರಸಿಗೆ ಶೀಟು ಹಾಕಿಸಿದ್ದೇವೆ.’
ಕೊಡಬೇಕಾದ ಉತ್ತರ: ‘ಅದಕ್ಕಾಗಿಯೇ ಈ ಸಾಲದಲ್ಲಿ ಡ್ರೈಯರ್ ಇದೆ. ಈಗ ಬಿಸಿಲಿದ್ದ ದಿನ ಸಾವಿರ ಹಪ್ಪಳ. ಡ್ರೈಯರ್ ಬಂದರೆ ಮೋಡವಿದ್ದರೂ ಎರಡು ಸಾವಿರ. ಕಳೆದ ವರ್ಷ ಮಾಲು ಇಲ್ಲವೆಂದು ವಾಪಸು ಕಳಿಸಿದ ಬೇಡಿಕೆಗಳ ಪಟ್ಟಿ ಇದು.’

‘ಮಕ್ಕಳು ಚಿಕ್ಕವರಲ್ಲವೇ, ಸಮಯ ಸಿಗುತ್ತದೆಯೇ?’
ಕೊಡಬೇಕಾದ ಉತ್ತರ: ‘ಒಣಗಿಸುವುದಕ್ಕೂ ಪ್ಯಾಕಿಂಗಿಗೂ ಇಬ್ಬರು ತಯಾರಾಗಿದ್ದಾರೆ. ನನ್ನ ಸಮಯ ಹೊಸ ಅಂಗಡಿ ಹಿಡಿಯುವುದಕ್ಕೆ. ಈ ವರ್ಷ ಮಂಗಳೂರಿನಲ್ಲಿ ಹತ್ತು, ಮುಂದಿನ ವರ್ಷ ಬೆಂಗಳೂರು.’ ಮಕ್ಕಳ ವಯಸ್ಸು, ಅತ್ತೆ ನೋಡಿಕೊಳ್ಳುತ್ತಾರೆ ಎಂಬ ವಿವರ ಯಾವುದೂ ಬೇಡ. ಒಮ್ಮೆ ಆ ದಾರಿ ಹಿಡಿದರೆ ಉಳಿದ ಅರ್ಧ ಗಂಟೆ ನಿಮ್ಮ ಮನೆಯ ಬಗ್ಗೆಯೇ ಮಾತು.

‘ಯಜಮಾನರು ಏನು ಮಾಡುತ್ತಾರೆ?’
ಬ್ಯಾಂಕಿನಲ್ಲಾದರೆ ಕುಟುಂಬದ ಆದಾಯ ತಿಳಿಯಲು ಕೇಳಿರಲೂಬಹುದು, ಎಲ್ಲರೂ ಕೆಟ್ಟವರೆಂದು ಹೊರಡಬೇಡಿ. ಒಂದು ವಾಕ್ಯದಲ್ಲಿ ಉತ್ತರಿಸಿ ತಕ್ಷಣ ಕಾಗದಕ್ಕೆ ಬನ್ನಿ: ‘ಅವರು ಶಾಲೆಯಲ್ಲಿ ಕೆಲಸದಲ್ಲಿದ್ದಾರೆ. ಈ ಘಟಕದ ಕಂತು ಘಟಕದಿಂದಲೇ ತೀರುತ್ತದೆ, ಮೂರನೆಯ ಪುಟ ನೋಡಿ.’ ಹೂಡಿಕೆದಾರರು ಕೇಳಿದರೆ ಅಷ್ಟೂ ಬೇಡ. ‘ಕಂಪನಿಯಲ್ಲಿ ಅವರಿಗೆ ಪಾತ್ರವಿಲ್ಲ’ ಎಂದರೆ ಸಾಕು.

ಇದು ತಪ್ಪಿಸಿಕೊಳ್ಳುವ ಉತ್ತರವಾಗಬಾರದು ಎಂಬುದೇ ಇಲ್ಲಿನ ಸೂಕ್ಷ್ಮ. ಮಳೆಯ ಪ್ರಶ್ನೆಗೆ ಮಳೆಯ ಉತ್ತರ ಒಂದು ವಾಕ್ಯದಲ್ಲಿ ಇರಲೇಬೇಕು, ಎರಡನೆಯ ವಾಕ್ಯದಿಂದ ಬೆಳವಣಿಗೆಗೆ ತಿರುಗಬೇಕು, ಅಲ್ಲೊಂದು ಅಂಕಿ ಇರಬೇಕು. ಬರೀ ಆಸೆಯ ಮಾತಾಡಿದರೆ ಹತ್ತು ವರ್ಷ ಸಾಲ ಕೊಟ್ಟ ಮ್ಯಾನೇಜರಿಗೆ ತಕ್ಷಣ ಗೊತ್ತಾಗುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡುವುದು ಹೀಗೆ. ಒಂದು ಹಾಳೆಯ ಎಡಗಡೆ ನಿಮಗೆ ಬರಬಹುದಾದ ಹನ್ನೆರಡು ನಷ್ಟದ ಪ್ರಶ್ನೆಗಳನ್ನು ಬರೆಯಿರಿ, ಬಲಗಡೆ ಎರಡೆರಡು ವಾಕ್ಯದ ಉತ್ತರ. ಗೆಳತಿಯ ಕೈಗೆ ಹಾಳೆ ಕೊಟ್ಟು ಕ್ರಮ ತಪ್ಪಿಸಿ ಕೇಳಲು ಹೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕೇಳಿಸಿಕೊಳ್ಳಿ. ಎಷ್ಟು ಸಲ ‘ಇಲ್ಲ ಇಲ್ಲ, ತೊಂದರೆಯಾಗುವುದಿಲ್ಲ’ ಎಂದಿದ್ದೀರಿ ಎಂದು ಎಣಿಸಿ.

5. ಜೊತೆಗೆ ಬಂದವರು ಎಲ್ಲಿ ಕೂರಬೇಕು

ಒಮ್ಮೆ ನಾನು ಕಂಡದ್ದು: ಕಡತ ಇಟ್ಟದ್ದು ಆಕೆ, ಪುಟ ತಿರುಗಿಸಿ ತೋರಿಸಿದ್ದು ಆಕೆ. ಅಧಿಕಾರಿ ಸಹಿಯ ಹಾಳೆಯನ್ನು ಮೇಜಿನ ಮೇಲೆ ಜಾರಿಸಿದ್ದು ಪಕ್ಕದಲ್ಲಿದ್ದ ತಮ್ಮನ ಕಡೆಗೆ. ಅವನು ಬಂದದ್ದು ಕಾರು ಓಡಿಸಿಕೊಂಡು.

ಒಂದೇ ಯೋಜನೆಯನ್ನು ಗಂಡಿನ ಧ್ವನಿಯಲ್ಲೂ ಹೆಣ್ಣಿನ ಧ್ವನಿಯಲ್ಲೂ ಕೇಳಿಸಿದ ಅಮೆರಿಕದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಗಂಡಿನ ಧ್ವನಿಯದ್ದನ್ನು ಆರಿಸಿದವರು ಶೇ 68. ಇದನ್ನು ಹೇಳಿದಾಗ ಕೆಲವರು ‘ಹಾಗಾದರೆ ತಮ್ಮನೇ ಮಾತಾಡಲಿ’ ಎನ್ನುತ್ತಾರೆ. ಬೇಡ. ಒಂದು ಸಲ ಕೆಲಸವಾಗಬಹುದು. ಆದರೆ ಅಂದಿನಿಂದ ಪ್ರತಿ ಫೋನೂ ಅವನಿಗೇ ಬರುತ್ತದೆ.

ಇನ್ನೂ ಒಂದು ಕಾರಣವಿದೆ. ಸಹಾಯಧನದ ಆಸೆಗೆ ಗಂಡಸರೇ ನಡೆಸುವ ಉದ್ಯಮವನ್ನು ಹೆಂಡತಿಯ ಹೆಸರಿನಲ್ಲಿ ತೋರಿಸುವುದು ನಮ್ಮಲ್ಲಿ ಗುಟ್ಟೇನಲ್ಲ. ಅಂಥ ಕಡತಗಳನ್ನು ನೋಡಿ ನೋಡಿ ಅಧಿಕಾರಿಗಳಿಗೆ ಎಲ್ಲರ ಮೇಲೂ ಅನುಮಾನ. ಅದನ್ನು ಕಳೆಯಲು ಯಂತ್ರದ ಸಾಮರ್ಥ್ಯ, ಕಚ್ಚಾ ಮಾಲಿನ ಈಗಿನ ಬೆಲೆ, ಬಾಕಿ ಉಳಿಸಿಕೊಂಡ ಅಂಗಡಿಯ ಹೆಸರು ನಿಮ್ಮ ಬಾಯಿಂದಲೇ ಬರಬೇಕು. ಜೊತೆಗೆ ಯಾರಾದರೂ ಬೇಕೇ ಬೇಕೆಂದರೆ ನಿಮ್ಮ ಲೆಕ್ಕಪತ್ರ ನೋಡುವವರನ್ನು ಕರೆದೊಯ್ಯಿರಿ. ಸಂಬಂಧಿಕರು ಹೊರಗೆ ಬೆಂಚಿನಲ್ಲಿ ಕೂರಲಿ.

6. ಷೇರು ಬಂಡವಾಳವಾದರೆ, ಸಹಿಗೆ ಮೊದಲು

ಹೂಡಿಕೆದಾರರು ಒಪ್ಪಿದ ಮೇಲೆ ಟರ್ಮ್ ಶೀಟ್ ಬರುತ್ತದೆ, ಷರತ್ತುಗಳ ಕರಡು ಪಟ್ಟಿ. ಮೌಲ್ಯದ ಸಾಲನ್ನು ನಿಧಾನವಾಗಿ ಓದಿ. ಹಣ ಬರುವ ಮೊದಲಿನ ಮೌಲ್ಯ 4 ಕೋಟಿ, ಬರುವ ಹಣ 1 ಕೋಟಿ ಎಂದರೆ ಅವರ ಪಾಲು ಐದರಲ್ಲಿ ಒಂದು, ಶೇ 20. ಆ 4 ಕೋಟಿ ಹಣ ಬಂದ ಮೇಲಿನ ಮೌಲ್ಯವಾದರೆ ನಾಲ್ಕರಲ್ಲಿ ಒಂದು, ಶೇ 25. ಒಂದು ಪದದ ವ್ಯತ್ಯಾಸಕ್ಕೆ ಕಂಪನಿಯ ಶೇ 5 ಹೋಗುತ್ತದೆ.

ಸಂಸ್ಥಾಪಕರು ಇಂತಿಷ್ಟು ವರ್ಷ ಕೆಲಸ ಮಾಡಿದರೆ ಮಾತ್ರ ಷೇರು ಪೂರ್ತಿ ಅವರದಾಗುತ್ತದೆ ಎಂಬ ಷರತ್ತೂ ಇರುತ್ತದೆ, ಅದಕ್ಕೆ ವೆಸ್ಟಿಂಗ್ ಎನ್ನುತ್ತಾರೆ. ಅದರಲ್ಲಿ ತಪ್ಪಿಲ್ಲ. ಹೆರಿಗೆಯ ರಜೆಯನ್ನು ‘ಕೆಲಸ ಬಿಟ್ಟ ಅವಧಿ’ ಎಂದು ಎಣಿಸುವುದಿಲ್ಲ ಎಂಬ ಒಂದು ಸಾಲನ್ನು ಸೇರಿಸಿ ಕೊಡಲು ಕೇಳಿ. ಮದುವೆಯಾಗದ ಸಂಸ್ಥಾಪಕಿಯರಿಗೂ ಇದನ್ನೇ ಹೇಳುತ್ತೇನೆ. ವಕೀಲರ ಶುಲ್ಕ ಉಳಿಸಲು ಹೋಗಬೇಡಿ.

7. ‘ಇಲ್ಲ’ ಎಂದರೆ ಬರಹದಲ್ಲಿ ಕೇಳಿ

ಬ್ಯಾಂಕುಗಳು ಬಾಯಲ್ಲಿ ‘ಇಲ್ಲ’ ಎನ್ನುವುದನ್ನೂ ಇಷ್ಟಪಡುವುದಿಲ್ಲ. ‘ನೋಡೋಣ’, ‘ಮುಂದಿನ ವಾರ ಬನ್ನಿ’, ‘ಈ ತಿಂಗಳ ಗುರಿ ಮುಗಿಯಿತು’ ಎನ್ನುತ್ತಾರೆ. ಮೂರು ಸಲ ಹೋಗಿ ಬಂದವರು ತಾವಾಗಿಯೇ ಬಿಟ್ಟುಬಿಡುತ್ತಾರೆ, ಯಾವ ದಾಖಲೆಯಲ್ಲೂ ಅದು ತಿರಸ್ಕಾರ ಎಂದು ಸೇರುವುದೇ ಇಲ್ಲ.

ಅರ್ಜಿ ಕೊಟ್ಟ ದಿನವೇ ದಿನಾಂಕ ಹಾಕಿದ ಸ್ವೀಕೃತಿ ಪಡೆಯಿರಿ. ಸಣ್ಣ ಉದ್ಯಮಗಳ 25 ಲಕ್ಷದವರೆಗಿನ ಸಾಲದ ಅರ್ಜಿಯನ್ನು, ಕಾಗದಪತ್ರ ಪೂರ್ತಿಯಿದ್ದರೆ, 14 ಕೆಲಸದ ದಿನಗಳೊಳಗೆ ತೀರ್ಮಾನಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಹದಿನೈದನೆಯ ದಿನ ಜಗಳಕ್ಕೆ ಹೋಗಬೇಡಿ. ಸ್ವೀಕೃತಿಯ ಪ್ರತಿ ಲಗತ್ತಿಸಿ ಒಂದು ಇಮೇಲ್ ಕಳಿಸಿ, ಅರ್ಜಿಯ ಸ್ಥಿತಿ ಏನು, ಕಾರಣವೇನು ಎಂದು ಎರಡೇ ಸಾಲು. ಬರಹದಲ್ಲಿ ಯಾರೂ ‘ಹೆಣ್ಣು’ ಎಂಬ ಕಾರಣ ಕೊಡಲಾರರು. ಬೇರೆ ಕಾರಣ ಹುಡುಕಬೇಕಾಗುತ್ತದೆ, ಹುಡುಕಿದ ಆ ಕಾರಣಕ್ಕೆ ನೀವು ಕಾಗದ ಒದಗಿಸಬಹುದು. ಎಷ್ಟೋ ಸಲ ಈ ಇಮೇಲ್ ತಲುಪಿದ ಮೇಲೆಯೇ ಕಡತ ಕದಲುವುದನ್ನು ಕಂಡಿದ್ದೇನೆ.

ಕದಲದಿದ್ದರೆ ಮೊದಲು ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ಸಹಾಯವಾಣಿ 14448. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ, ಅದನ್ನು ಒಂಬುಡ್ಸ್‌ಮನ್ ಬದಲಿಸುವುದಿಲ್ಲ. ಸ್ವೀಕೃತಿ ಕೊಡದ್ದು, ಕಾರಣ ತಿಳಿಸದ್ದು, ಅಡಮಾನದ ನಿಯಮ ಮೀರಿದ್ದು, ಇವುಗಳ ಮೇಲೆ ಮಾತ್ರ ದೂರು ಬರೆಯಿರಿ.

ಹೂಡಿಕೆದಾರರಿಗೆ ಈ ನಿಯಮಗಳು ಯಾವುವೂ ಅನ್ವಯಿಸುವುದಿಲ್ಲ, ಅವರ ಹಣ ಅವರಿಷ್ಟ. ಅವರು ‘ಇಲ್ಲ’ ಎಂದಾಗ ಒಂದೇ ಪ್ರಶ್ನೆ ಕೇಳಿ: ‘ಯಾವ ಅಂಕಿ ಎಷ್ಟಾದರೆ ನೀವು ಮತ್ತೆ ನೋಡುತ್ತೀರಿ?’ ಅಂಕಿ ಹೇಳಿದರೆ ಬರೆದುಕೊಂಡು, ಅದು ಕೈಗೂಡಿದ ದಿನ ಮತ್ತೆ ಬರೆಯಿರಿ. ಹೇಳದಿದ್ದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದು ಮುಂದಿನವರಿಗೆ ಫೋನು ಮಾಡಿ.